ಆಕ್ಸಲಾಟಲ್ ಮತ್ತು ನೀಲಕುರಿಂಜಿ: ಹೋಲಿಸಿ ಬರೆಯುವುದು ಹೇಗೆ?

ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಸಲ ಕೊಟ್ಟ ಜೋಡಿ ಇದು: ಮೆಕ್ಸಿಕೊದ ಸ್ಯಾಲಮ್ಯಾಂಡರ್ (ಬಾಲವಿರುವ ಉಭಯವಾಸಿ) ಆಕ್ಸಲಾಟಲ್, ನಮ್ಮ ಪಶ್ಚಿಮ ಘಟ್ಟದ ನೀಲಕುರಿಂಜಿ.

ಮೊದಲು ವೈಜ್ಞಾನಿಕ ಹೆಸರು ಬರೆದುಕೊಳ್ಳಿ: ಆಂಬಿಸ್ಟೋಮಾ ಮೆಕ್ಸಿಕಾನಮ್, ಸ್ಟ್ರೋಬಿಲಾಂಥಸ್ ಕುಂತಿಯಾನಾ. ಊರ ಹೆಸರನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ಕುರಿಂಜಿ ಎಂದು ಕರೆಯುವ ಗಿಡಗಳು ಹತ್ತಾರಿವೆ.

ಆಮೇಲೆ ಎರಡು ಕಂಬಸಾಲು ಎಳೆದು ವರ್ಗೀಕರಣದ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಇಳಿಯಿರಿ. ಸಾಮ್ರಾಜ್ಯದ ಮೆಟ್ಟಿಲಲ್ಲೇ ದಾರಿ ಕವಲಾಗುತ್ತದೆ: ಒಂದು ಪ್ರಾಣಿ, ಇನ್ನೊಂದು ಸಸ್ಯ. ಆಕ್ಸಲಾಟಲ್ ಕಾರ್ಡೇಟಾ ವಂಶದ ಉಭಯವಾಸಿ, ಕಾಡೇಟಾ ಗಣ, ಆಂಬಿಸ್ಟೋಮಾಟಿಡೆ ಕುಟುಂಬ. ಬಾಲ ಕಂಡು ಹಲ್ಲಿಯ ಪಕ್ಕ ಸೇರಿಸಬೇಡಿ. ಹಲ್ಲಿಗೆ ಹುರುಪೆಗಳಿವೆ, ಇದರದು ಕಪ್ಪೆಯಂತೆ ಒದ್ದೆ ಚರ್ಮ. ಹಲ್ಲಿಗಿಂತ ಕಪ್ಪೆಯೇ ಇದಕ್ಕೆ ಹತ್ತಿರದ ನೆಂಟ. ನೀಲಕುರಿಂಜಿ ಹೂಬಿಡುವ ಸಸ್ಯ, ಲ್ಯಾಮಿಯೇಲ್ಸ್ ಗಣ, ಅಕಾಂಥೇಸಿ ಕುಟುಂಬ. ಈ ಕುಟುಂಬ ನಮ್ಮ ಹಿತ್ತಲಿನಲ್ಲೇ ಇದೆ. ಕನಕಾಂಬರದ ಒಣಗಿದ ಕಾಯಿಯ ಮೇಲೆ ಒಂದು ಹನಿ ನೀರು ಬಿಡಿ, ಕಾದು ನೋಡಿ. ಟಪ್ಪೆಂದು ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ಅದನ್ನು ಕಂಡ ಮಗು ಅಕಾಂಥೇಸಿ ಎಂಬ ಹೆಸರನ್ನು ಮರೆಯುವುದಿಲ್ಲ.

ಈಗ ಸಂರಕ್ಷಣಾ ಸ್ಥಿತಿ. ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಪ್ರಭೇದದ ಹೆಸರು ಹುಡುಕಿ, ಮೌಲ್ಯಮಾಪನದ ವರ್ಷವನ್ನೂ ಬರೆದುಕೊಳ್ಳಿ. ಕುಟುಂಬ ನೋಡಿ ಸ್ಥಿತಿ ಊಹಿಸುವುದು ತಪ್ಪು: ಕನಕಾಂಬರ ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ಸಿಗುತ್ತದೆ, ಅದೇ ಕುಟುಂಬದ ನೀಲಕುರಿಂಜಿಯನ್ನು 2024ರಲ್ಲಿ ಅಪಾಯದಲ್ಲಿರುವ ಪ್ರಭೇದಗಳ ಸಾಲಿಗೆ, ಅದರ ಮೊದಲ ಮೆಟ್ಟಿಲಾದ 'ವಲ್ನರಬಲ್' ವರ್ಗಕ್ಕೆ ಸೇರಿಸಲಾಯಿತು. ಆಕ್ಸಲಾಟಲ್ ಅದಕ್ಕಿಂತ ಎರಡು ಮೆಟ್ಟಿಲು ಹೆಚ್ಚಿನ ಗಂಡಾಂತರದಲ್ಲಿ, 'ಕ್ರಿಟಿಕಲಿ ಎಂಡೇಂಜರ್ಡ್' ವರ್ಗದಲ್ಲಿದೆ. ಅದರಾಚೆಗೆ ಉಳಿಯುವುದು ಸಹಜ ನೆಲೆಯಿಂದಲೇ ಕಣ್ಮರೆಯಾಗುವುದು.

"ಆದರೆ ಅದನ್ನು ಅಕ್ವೇರಿಯಂಗಳಲ್ಲಿ ಸಾಕುತ್ತಾರಲ್ಲ ಮೇಡಂ?" ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಪಟ್ಟಿ ಎಣಿಸುವುದು ಸಹಜ ನೆಲೆಯಲ್ಲಿ ಬದುಕಿರುವವನ್ನು. ಮೆಕ್ಸಿಕೊ ನಗರದ ಸೋಚಿಮಿಲ್ಕೊ ಕಾಲುವೆಗಳಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸಲಾಟಲ್‌ಗಳಿದ್ದವು, 2014ರ ಹೊತ್ತಿಗೆ ಸುಮಾರು 36. ಕೊಳಚೆ ನೀರು ಒಂದು ಕಡೆ, ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಇನ್ನೊಂದು ಕಡೆ.

ಹಾಗಾಗಿ ಸ್ಥಿತಿಯ ಪಕ್ಕದಲ್ಲಿ ಕಾರಣದ ಸಾಲೂ ಇರಲೇಬೇಕು. ಅದಿಲ್ಲದ ಚಾರ್ಟಿಗೆ ನಾನು ಪೂರ್ಣ ಅಂಕ ಕೊಡುವುದಿಲ್ಲ. ನೀಲಕುರಿಂಜಿಯ ಸಾಲಿನಲ್ಲಿ ಚಹಾ ತೋಟ, ಹೊರಗಿನಿಂದ ತಂದು ನೆಟ್ಟ ನೀಲಗಿರಿ ಮರಗಳ ಜತೆಗೆ ಇದನ್ನೂ ಬರೆಯಿರಿ: ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಗಿಡ ಸಾಯುತ್ತದೆ. ಮುನ್ನಾರಿನಲ್ಲಿ 2018ರಲ್ಲಿ ಕಿತ್ತ ಹೂವಿನ ಬೀಜ 2030ಕ್ಕೆ ಬರುವುದಿಲ್ಲ.