ಅಸೈನ್‌ಮೆಂಟಿನ ಅಂಚಿನಲ್ಲಿ ಏನು ಬರೆಯಬೇಕು?

ಪದವಿ ಕಾಲೇಜಿನ ಬೀರುವಿನಲ್ಲಿ ದಾರ ಕಟ್ಟಿಟ್ಟ ಅಸೈನ್‌ಮೆಂಟುಗಳನ್ನು ಬಿಚ್ಚಿ ನೋಡಿದರೆ ಪುಟಕ್ಕೊಂದು ಕೆಂಪು ಟಿಕ್ಕು, ಕೊನೆಯಲ್ಲೊಂದು ಅಂಕ, ಅದರ ಕೆಳಗೆ ‘ಇನ್ನಷ್ಟು ವಿವರಿಸಿ’ ಎಂಬ ಮಾತು ಕಾಣುತ್ತದೆ. ಬರೆದ ವಿದ್ಯಾರ್ಥಿ ಅದನ್ನು ಓದಿರುವ ಸಂಭವ ಕಡಿಮೆ, ಏಕೆಂದರೆ ಕಟ್ಟು ಅವನ ಕೈಗೆ ಮರಳಿರುವುದೇ ಇಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಆಂತರಿಕ ಮೌಲ್ಯಮಾಪನಕ್ಕೆ 40 ಅಂಕ ಬಂತು, 2024-25ರಲ್ಲಿ ಅದು 20ಕ್ಕೆ ಇಳಿಯಿತು. ತಿದ್ದುವ ರೀತಿ ಮಾತ್ರ ಹಾಗೆಯೇ ಉಳಿಯಿತು. ನಮ್ಮಲ್ಲಿ ಫೀಡ್‌ಬ್ಯಾಕ್ ಎಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತಕ್ಕಾಗಿ ವಿದ್ಯಾರ್ಥಿಗಳಿಂದ ತುಂಬಿಸಿಕೊಳ್ಳುವ ನಮೂನೆ ಎಂದೇ ಅನೇಕರು ತಿಳಿದಿದ್ದಾರೆ. ಇಲ್ಲಿ ಹೇಳುತ್ತಿರುವುದು ವಿದ್ಯಾರ್ಥಿಯ ಬರಹಕ್ಕೆ ಅಧ್ಯಾಪಕರು ಕೊಡುವ ಹಿಮ್ಮಾಹಿತಿಯ ಬಗ್ಗೆ.

ಮೊದಲ ಹೆಜ್ಜೆ ಸುಲಭ. ವಿಷಯ ಕೊಡುವ ದಿನವೇ ಯಾವುದಕ್ಕೆ ಎಷ್ಟು ಅಂಕವೆಂದು ಅರ್ಧ ಪುಟದಲ್ಲಿ ಬರೆದುಕೊಡಿ, ಹಿಂದಿನ ವರ್ಷದ ಎರಡು ಉತ್ತರಗಳನ್ನು ಹೆಸರು ತೆಗೆದು ಓದಿ ಹೇಳಿ.

ಎರಡನೆಯದು ದಿನಾಂಕ. ಸೆಮಿಸ್ಟರ್ ಮುಗಿಯುವ ವಾರದಲ್ಲಿ ಅಸೈನ್‌ಮೆಂಟ್ ತೆಗೆದುಕೊಂಡರೆ ನೀವು ಬರೆಯುವ ಯಾವ ಮಾತೂ ಬಳಕೆಗೆ ಬಾರದು. ಆರನೇ ವಾರದೊಳಗೆ ಮೊದಲ ಕರಡು ನಿಮ್ಮ ಮೇಜಿನ ಮೇಲಿರಲಿ.

ಹೆಚ್ಚಿನವರು ಎಡವುವುದು ಮೂರನೆಯ ಹೆಜ್ಜೆಯಲ್ಲಿ, ಅಂದರೆ ಟಿಪ್ಪಣಿ ಬರೆಯುವಲ್ಲಿ. ಕೈಯಲ್ಲಿ ಪೆನ್ನು ಹಿಡಿಯದೆ ಒಮ್ಮೆ ಪೂರ್ತಿ ಓದಿ. ಪೆನ್ನು ಕೈಯಲ್ಲಿದ್ದರೆ ಕಣ್ಣು ಒತ್ತಕ್ಷರದ ತಪ್ಪುಗಳ ಮೇಲೆಯೇ ಓಡಾಡುತ್ತದೆ, ವಾದ ಎಲ್ಲಿ ಮುರಿಯಿತೆಂಬುದು ಕಾಣುವುದಿಲ್ಲ. ಅನಂತರ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಿ. ಭೂಸುಧಾರಣೆಯ ಬಗ್ಗೆ ಬಿ.ಎ. ವಿದ್ಯಾರ್ಥಿನಿಯೊಬ್ಬಳು ‘1974ರ ತಿದ್ದುಪಡಿಯಿಂದ ಗೇಣಿದಾರರಿಗೆ ತುಂಬಾ ಅನುಕೂಲವಾಯಿತು’ ಎಂದು ಬರೆದು ಮುಂದಿನ ವಿಷಯಕ್ಕೆ ಹೋಗಿದ್ದಾಳೆ ಎಂದುಕೊಳ್ಳಿ. ಇದರ ಪಕ್ಕದಲ್ಲಿ ‘ವಿವರಣೆ ಸಾಲದು’ ಎಂದು ಬರೆದರೆ ಅವಳು ಮುಂದಿನ ಸಲ ಅದೇ ಮಾತನ್ನು ಎರಡು ಪುಟಕ್ಕೆ ಹಿಗ್ಗಿಸುತ್ತಾಳೆ. ಹೀಗೆ ಬರೆಯಿರಿ: ‘ಅನುಕೂಲವಾಯಿತು ಎಂದಿದ್ದೀರಿ, ಹೇಗೆ ಎಂದು ಹೇಳಿಲ್ಲ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಟ್ಟ ಮೇಲೆ ಭೂ ನ್ಯಾಯಮಂಡಳಿ ಏನು ಮಾಡುತ್ತಿತ್ತು ಎಂಬುದನ್ನು ಇಲ್ಲಿ ಎರಡು ವಾಕ್ಯದಲ್ಲಿ ಸೇರಿಸಿ. ಬಾಯಿಮಾತಿನ ಗೇಣಿಯಲ್ಲಿದ್ದು ದಾಖಲೆಯಿಲ್ಲದವರಿಗೆ ಏನು ತೊಡಕಾಗಿರಬಹುದು ಎಂದು ಯೋಚಿಸಿ.’ ಇದರಲ್ಲಿ ದೋಷವಿರುವ ಜಾಗವಿದೆ, ಕೊರತೆಯ ಹೆಸರಿದೆ, ಕೂಡಲೇ ಮಾಡಬಹುದಾದ ಕೆಲಸವಿದೆ. ಈ ಮೂರರಲ್ಲಿ ಒಂದು ತಪ್ಪಿದರೂ ಟಿಪ್ಪಣಿ ಕೆಲಸಕ್ಕೆ ಬಾರದು.

ಟಿಪ್ಪಣಿ ಬರಹದ ಮೇಲಿರಲಿ, ಬರೆದವರ ಮೇಲೆ ಬೇಡ. ‘ಸೋಮಾರಿ’ ಎಂಬ ಮಾತಿನಂತೆಯೇ ‘ಜಾಣೆ’ ಎಂಬ ಮಾತಿನಿಂದಲೂ ಉತ್ತರ ಸುಧಾರಿಸುವುದಿಲ್ಲ. ಕ್ಲೂಗರ್ ಮತ್ತು ಡೆನಿಸಿ ಎಂಬ ಸಂಶೋಧಕರು 1996ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಮೂರನೆಯ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿಯಿಂದ ಸಾಧನೆ ಕುಗ್ಗಿತ್ತು. ಗಮನ ಕೆಲಸದಿಂದ ವ್ಯಕ್ತಿಯ ಕಡೆಗೆ ಸರಿದಷ್ಟೂ ಹಿಮ್ಮಾಹಿತಿಯ ಫಲ ಇಳಿಯುತ್ತದೆ ಎಂಬುದು ಅವರ ವಿವರಣೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಬಿ.ಕಾಂ. ಬರೆಯುವವರಿಗೆ ನಾನು ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯುತ್ತೇನೆ, ನೀವೂ ಬರೆಯಿರಿ. ಸವಕಳಿಯ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯುವುದಕ್ಕೆ ಅವರು ಮತ್ತೊಂದು ಭಾಷೆಯ ಪರೀಕ್ಷೆ ಬರೆಯಬೇಕಾಗಿಲ್ಲ.

ಎಪ್ಪತ್ತು ಮಂದಿಯ ತರಗತಿಯಲ್ಲಿ ತಲಾ ಆರು ನಿಮಿಷವೆಂದರೂ ಏಳು ಗಂಟೆ ಬೇಕು. ಹಾಗಾಗಿ ಅಡ್ಡದಾರಿಗಳಿಗೆ ಬೇಡಿಕೆಯಿದೆ. ‘ಗುಡ್’ ಎಂಬ ರಬ್ಬರ್ ಮುದ್ರೆಯನ್ನು ಇಂದೇ ಕಸದ ಬುಟ್ಟಿಗೆ ಹಾಕಿ. ಒಂದು ಗುಂಡಿ ಒತ್ತಿದರೆ ಟಿಪ್ಪಣಿ ಬರೆದುಕೊಡುವ ತಂತ್ರಾಂಶಗಳನ್ನು ನೋಡಿದ್ದೇನೆ. ನಾನು ನೋಡಿದವು ಹತ್ತು ಜನರ ಉತ್ತರಕ್ಕೆ ಹೆಚ್ಚುಕಡಿಮೆ ಒಂದೇ ವಿನಯದ ಪ್ಯಾರಾ ಕೊಟ್ಟವು, ಹುಡುಗರು ಅದನ್ನು ಒಂದೇ ದಿನದಲ್ಲಿ ಪತ್ತೆಹಚ್ಚಿದರು. ಒಪ್ಪಬಹುದಾದ ಅಡ್ಡದಾರಿ ಒಂದಿದೆ: ಪದೇಪದೇ ಕಾಣುವ ಏಳೆಂಟು ದೋಷಗಳಿಗೆ ಕ್ರಮಸಂಖ್ಯೆ ಕೊಟ್ಟು ಪಟ್ಟಿಯನ್ನು ಎಲ್ಲರಿಗೂ ಹಂಚಿ, ಅಂಚಿನಲ್ಲಿ ಆ ಸಂಖ್ಯೆಯನ್ನಷ್ಟೇ ಬರೆಯುವುದು. ಮುಖ್ಯ ಟಿಪ್ಪಣಿ ಮಾತ್ರ ಪೂರ್ಣ ವಾಕ್ಯದಲ್ಲಿರಬೇಕು.

ನಾಲ್ಕನೆಯ ಹೆಜ್ಜೆಗೆ ಸಹೋದ್ಯೋಗಿಗಳು ನಗುತ್ತಾರೆ: ಅಂಕ ಬರೆಯದೆ ಹಿಂದಿರುಗಿಸಿ. ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಟಿಪ್ಪಣಿಯನ್ನಷ್ಟೇ ಪಡೆದವರು ಸುಧಾರಿಸಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅವರು ಶಾಲಾ ಮಕ್ಕಳು ನಿಜ, ಆದರೆ ಅಂಕ ನೋಡಿದ ಕೂಡಲೇ ಪಕ್ಕದವನ ಹಾಳೆಗೆ ಇಣುಕುವುದು ಪದವಿ ತರಗತಿಯಲ್ಲಿಯೂ ನಿಂತಿಲ್ಲ. ಹಾಳೆ ಕೊಟ್ಟ ದಿನವೇ ತರಗತಿಯಲ್ಲಿ ಹದಿನೈದು ನಿಮಿಷ ಬಿಡಿ. ಟಿಪ್ಪಣಿಯ ಕೆಳಗೆ ತಾನು ಏನು ಬದಲಿಸುತ್ತೇನೆಂದು ಪ್ರತಿಯೊಬ್ಬರೂ ಬರೆಯಲಿ. ತಿದ್ದಿದ ಪ್ರತಿ ಬಂದ ಮೇಲೆ ಅದಕ್ಕೆ ಅಂಕ ಕೊಡಿ.

ಉಳಿದದ್ದು ಬೆಂಬಲದ ವ್ಯವಸ್ಥೆ. ಒಂದೇ ದೋಷ ಮೂರನೆಯ ಒಂದು ಭಾಗದಷ್ಟು ಹಾಳೆಗಳಲ್ಲಿ ಕಂಡರೆ ಅದು ನಿಮ್ಮ ಪಾಠದ ದೋಷ, ಮುಂದಿನ ತರಗತಿಯಲ್ಲಿ ಅದನ್ನೇ ಮತ್ತೆ ಹೇಳಿಕೊಡಿ. ರೆಮಿಡಿಯಲ್ ತರಗತಿಗೆ ಕಡಿಮೆ ಅಂಕದವರನ್ನೆಲ್ಲ ಒಟ್ಟಿಗೆ ಕೂರಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಆಧಾರ ಕೊಡಲು ಬಾರದವರು ಒಂದು ದಿನ, ನಕ್ಷೆ ಓದಲು ಬಾರದವರು ಇನ್ನೊಂದು ದಿನ, ಎಂಟು ಜನಕ್ಕಿಂತ ಹೆಚ್ಚಿಲ್ಲದಂತೆ ಬರಲಿ. ಸಂಜೆಯ ಬಸ್ಸು ಹಿಡಿಯಬೇಕಾದವರೇ ಹೆಚ್ಚಿರುವ ಕಾಲೇಜಿನಲ್ಲಿ ಇದನ್ನು ನಾಲ್ಕು ಗಂಟೆಯ ಮೇಲೆ ಇಡಬೇಡಿ. ಮಧ್ಯಾಹ್ನದ ಬಿಡುವಿನ ಅವಧಿಯನ್ನು ವೇಳಾಪಟ್ಟಿಯಲ್ಲಿಯೇ ಬರೆಸಿಕೊಳ್ಳಿ.