ಎನ್‌ಎಲ್ 50ರಿಂದ ಎನ್‌ಎಲ್ 100ಕ್ಕೆ: ಭಯವನ್ನು ಟ್ರ್ಯಾಕರ್‌ನಲ್ಲಿ ಹಿಡಿದದ್ದು ಹೀಗೆ

ಆನ್‌ಲೈನ್ ಪೋಕರ್‌ನ ಎನ್‌ಎಲ್ 100ರಲ್ಲಿ (ಅಂದರೆ 100 ಡಾಲರ್ ತಂದು ಕೂರುವ ನೋ-ಲಿಮಿಟ್ ಟೇಬಲ್, ಎನ್‌ಎಲ್ 50 ಅದರ ಅರ್ಧ) ಈಗ ಸುಮಾರು 60,000 ಹ್ಯಾಂಡ್ (ಸುತ್ತು) ಆಗಿದೆ. ನೂರು ಹ್ಯಾಂಡ್‌ಗೆ ಮೂರು ಬಿಗ್ ಬ್ಲೈಂಡ್ (ಕಡ್ಡಾಯವಾಗಿ ಕಟ್ಟುವ ದೊಡ್ಡ ಪಂತ, ಇಲ್ಲಿ ಒಂದು ಡಾಲರ್) ಹತ್ತಿರ ಗೆಲುವು. ಕೈಗೆ ಬಂದದ್ದು 1,800 ಡಾಲರ್ ಆಸುಪಾಸು. "ನಿನ್ನ ಧೈರ್ಯ ಎನ್‌ಎಲ್ 50ಕ್ಕೇ ಮುಗೀತು, ಅಲ್ಲೇ ಇರು" ಎಂದು ಜೊತೆಗೆ ಸ್ಟಡಿ ಮಾಡುವವರೇ ಹೇಳಿದ್ದರು. ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಲೈಸೆನ್ಸ್ ಇರುವ ಸೈಟ್‌ಗಳಲ್ಲಿ ಆಡಬಹುದು, ಗೆದ್ದ ದುಡ್ಡಿಗೆ ತೆರಿಗೆ ಇಲ್ಲ. ಇಂಡಿಯಾದಲ್ಲಿ 2025ರ ಕಾಯ್ದೆ ಬಂದ ಮೇಲೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಪೋಕರ್‌ಗೆ ನಿಷೇಧವಿದೆ. ಬೆಂಗಳೂರಿನ ನನ್ನ ಗೆಳೆಯರಲ್ಲಿ ಅರ್ಧ ಜನ 2023ರ ಅಕ್ಟೋಬರ್‌ನಲ್ಲಿ 28 ಪರ್ಸೆಂಟ್ ಜಿಎಸ್‌ಟಿ ಬಂದಾಗಲೇ ಕೈಬಿಟ್ಟಿದ್ದರು. ಹಾಗಾಗಿ ಊರಲ್ಲಿರುವವರು ಇದನ್ನು ಓದಿ ಎಲ್ಲೋ ಕಳ್ಳದಾರಿ ಹುಡುಕಬೇಡಿ.

ಮೊದಲ ಸಲ ಮೇಲೆ ಹೋದಾಗ ಬ್ಯಾಂಕ್‌ರೋಲ್ (ಆಟಕ್ಕೆಂದೇ ಇಟ್ಟ ದುಡ್ಡು) 4,000 ಡಾಲರ್ ಇತ್ತು, ಅಂದರೆ ಟೇಬಲ್‌ಗೆ ತರುವ 100 ಡಾಲರ್‌ನ ಲೆಕ್ಕದಲ್ಲಿ 40 ಬೈ-ಇನ್. ಅಷ್ಟಿದ್ದರೆ ಭಯ ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಇತ್ತು. ಒಂದು ಬೈ-ಇನ್ ಅಂದರೆ ಎಂಟು ಸಾವಿರ ರೂಪಾಯಿಗೂ ಜಾಸ್ತಿ. ಹಾಸನದಲ್ಲಿ ಅಮ್ಮನ ತಿಂಗಳ ದಿನಸಿ, ಹಾಲು, ಗ್ಯಾಸ್ ಎಲ್ಲ ಅದರಲ್ಲಿ ಆಗುತ್ತದೆ. ಈ ಲೆಕ್ಕ ಸರಿಯಾಗಿ ರಿವರ್‌ನಲ್ಲಿ (ಕೊನೆಯ ಕಾರ್ಡ್ ಬಿದ್ದ ಮೇಲೆ) ಎದುರಾಳಿಯ ಪಂತಕ್ಕೆ ಕಾಲ್ ಮಾಡಬೇಕಾದ ಹೊತ್ತಿಗೇ ತಲೆಗೆ ಬರುತ್ತದೆ. ಹನ್ನೊಂದು ಬೈ-ಇನ್ ಹೋಯಿತು, ಕೆಳಗಿಳಿದೆ. ಎರಡನೇ ಸಲ ಆರೋ ಏಳೋ ಹೋಯಿತು, ಮತ್ತೆ ಇಳಿದೆ. ಸಿಕ್ಸ್-ಮ್ಯಾಕ್ಸ್‌ನಲ್ಲಿ (ಆರು ಜನರ ಟೇಬಲ್) ಹತ್ತು ಸಾವಿರ ಹ್ಯಾಂಡ್‌ಗೆ ಒಂಬತ್ತು ಬೈ-ಇನ್ ಆಚೆ ಈಚೆ ಆಗುವುದು ಮಾಮೂಲಿ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಗೊತ್ತಿದ್ದರೆ ಭಯ ಹೋಗುತ್ತದೆಯೇ?

ನಡುವೆ ಏನೇನೋ ಮಾಡಿ ನೋಡಿದೆ. ಸ್ಟ್ಯಾಕನ್ನು (ಟೇಬಲ್ ಮೇಲಿರುವ ನನ್ನ ದುಡ್ಡು) ಡಾಲರ್ ಬದಲು ಬಿಗ್ ಬ್ಲೈಂಡ್‌ನಲ್ಲಿ ತೋರಿಸುವ ಸೆಟ್ಟಿಂಗ್ ಹಾಕಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ತಲೆಯೇ ಗುಣಿಸಲು ಶುರು ಮಾಡಿತು. ಪೂರ್ತಿ ನೂರರ ಬದಲು 40 ಬಿಗ್ ಬ್ಲೈಂಡ್ ಇಟ್ಟು ಕೂತೆ. ಭಯ ಕಮ್ಮಿ ಆಯಿತು, ಆದರೆ ಅದು ಬೇರೆಯದೇ ಆಟ, ನೂರು ಬಿಗ್ ಬ್ಲೈಂಡ್ ಇಟ್ಟು ಆಡುವ ಆಟಕ್ಕೆ ಅಭ್ಯಾಸ ಆಗಲಿಲ್ಲ. ಹಾರ್ಟ್ ರೇಟ್ ವಾಚ್ ಕಟ್ಟಿಕೊಂಡೂ ಆಡಿದೆ. ಎನ್‌ಎಲ್ 50ರ ದೊಡ್ಡ ಪಾಟ್‌ನಲ್ಲಿ 85, ಎನ್‌ಎಲ್ 100ರಲ್ಲಿ 105ರ ತನಕ. ನೋಡಲು ಮಜಾ ಇತ್ತು. ಆದರೆ ಕಣ್ಣು ಟೇಬಲ್ ಬಿಟ್ಟು ವಾಚ್ ಕಡೆಗೇ ಹೋಗುತ್ತಿತ್ತು. ಬಿಚ್ಚಿಟ್ಟೆ.

ದಾರಿ ಸಿಕ್ಕಿದ್ದು ಪೋಕರ್‌ಟ್ರ್ಯಾಕರ್‌ನಲ್ಲಿ (ಆಡಿದ ಹ್ಯಾಂಡ್‌ಗಳನ್ನು ದಾಖಲಿಸುವ ಸಾಫ್ಟ್‌ವೇರ್) ಎರಡು ಸ್ಟೇಕ್‌ನ (ಪಂತದ ಮಟ್ಟ) ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ. ಎನ್‌ಎಲ್ 50ರಲ್ಲಿ ನನ್ನ ತ್ರೀ-ಬೆಟ್ (ಇನ್ನೊಬ್ಬರು ಏರಿಸಿದ ಪಂತವನ್ನು ಮತ್ತೆ ಏರಿಸುವುದು) ಒಂಬತ್ತು ಪರ್ಸೆಂಟ್ ಚಿಲ್ಲರೆ, 100ರಲ್ಲಿ ಆರು. ಶೋಡೌನ್‌ಗೆ (ಕೊನೆಗೆ ಕಾರ್ಡ್ ತೋರಿಸುವ ಹಂತ) ಹೋಗುವುದು 28 ಪರ್ಸೆಂಟ್‌ನಿಂದ 24ಕ್ಕೆ ಇಳಿದಿತ್ತು. ಟರ್ನ್‌ನಲ್ಲಿ (ನಾಲ್ಕನೇ ಕಾರ್ಡ್ ಬಿದ್ದಾಗ) ಎರಡನೇ ಬ್ಯಾರೆಲ್, ಅಂದರೆ ಮತ್ತೊಮ್ಮೆ ಬೆಟ್ ಹಾಕುವುದು, ಅಂತೂ ಇಲ್ಲವೇ ಇಲ್ಲ ಅನ್ನಬಹುದು. ಅಂದರೆ ಮನಸ್ಸಿಗೆ ಏನಾಗುತ್ತಿದೆ ಎಂದು ನಾನು ಊಹಿಸಬೇಕಾಗಿಲ್ಲ, ಅದು ಅಂಕಿಯಲ್ಲೇ ಇದೆ. ಧೈರ್ಯ ತಂದುಕೊಳ್ಳುವ ಗೋಜು ಬಿಟ್ಟು ಈ ಅಂಕಿ ಮೇಲೆತ್ತುವುದೇ ಕೆಲಸ ಎಂದು ನಿರ್ಧರಿಸಿದೆ.

ಮೂರು ಟೇಬಲ್ ಎನ್‌ಎಲ್ 50, ಒಂದೇ ಒಂದು ಎನ್‌ಎಲ್ 100, ನಾಲ್ಕೂ ಒಟ್ಟಿಗೆ. 100ರ ಟೇಬಲ್ ಯಾವಾಗಲೂ ಸ್ಕ್ರೀನಿನ ಮೇಲೆ ಎಡಗಡೆ. ಬೆರೆಸಿ ಆಡಿದರೆ ಗೊಂದಲ ಆಗುತ್ತದೆ ಎಂದು ಗ್ರೂಪ್‌ನಲ್ಲಿ ಜಗಳವೇ ಆಯಿತು. ಎರಡು ಮೂರು ದಿನ ಆಗುತ್ತದೆ, ಆಮೇಲೆ ಇಲ್ಲ. ಆ ಟೇಬಲ್‌ನಲ್ಲಿ ದಿನಕ್ಕೆ ಮೂರು ಬೈ-ಇನ್ ಹೋದರೆ ಅದನ್ನಷ್ಟೇ ಮುಚ್ಚುತ್ತೇನೆ, ಉಳಿದ ಮೂರು ನಡೆಯುತ್ತಿರುತ್ತವೆ. ಕೆಳಗೆ ಇಳಿದೆ ಎಂಬ ಅವಮಾನ ಇಲ್ಲಿ ಬರುವುದೇ ಇಲ್ಲ, ಇದು ದೊಡ್ಡ ಲಾಭ.

ದುಡ್ಡಿನ ನೆನಪು ಬಂದ ಪ್ರತಿ ಹ್ಯಾಂಡ್‌ಗೂ ಒಂದು ಕೀ ಒತ್ತಿ ಗುರುತು ಹಾಕುತ್ತಿದ್ದೆ. ಭಾನುವಾರ ಬೆಳಿಗ್ಗೆ ಅವನ್ನು ಮಾತ್ರ ಸಾಲ್ವರ್‌ಗೆ (ಸರಿಯಾದ ಆಟ ಲೆಕ್ಕ ಹಾಕುವ ಸಾಫ್ಟ್‌ವೇರ್) ಹಾಕುವುದು. ಗೆದ್ದೆನೋ ಸೋತೆನೋ ನೋಡುವುದಿಲ್ಲ, ದುಡ್ಡಿನ ಗ್ರಾಫ್ ತೆರೆಯುವುದೂ ಇಲ್ಲ. ಗುರುತು ಹಾಕಿದ ಹ್ಯಾಂಡ್‌ಗಳಲ್ಲಿ ಜಾಸ್ತಿ ಬಂದದ್ದು ಒಂದೇ ಜಾಗ: ಬ್ಲೈಂಡ್‌ನಿಂದ (ಕಡ್ಡಾಯ ಪಂತ ಕಟ್ಟುವ ಜಾಗ) ಬಟನ್ (ಕೊನೆಗೆ ಆಡುವ ಜಾಗ) ಮೇಲೆ ತ್ರೀ-ಬೆಟ್ ಮಾಡಿ, ಟರ್ನ್‌ನಲ್ಲಿ ದೊಡ್ಡ ಕಾರ್ಡ್ ಬಿದ್ದಾಗ ಬೆಟ್ ಹಾಕದೆ ಸುಮ್ನೆ ಚೆಕ್ ಮಾಡಿ ಬಿಟ್ಟುಕೊಡುವುದು. ಈಗ ಅಲ್ಲಿ ಯಾವ ಸೈಜ್ ಹಾಕುತ್ತೇನೆ ಎಂದು ಹೇಳುವುದಿಲ್ಲ. ಅದೇ ಜನರ ಜೊತೆ ಇವತ್ತೂ ಆಡಬೇಕಲ್ವಾ.

ಸಂಬಳ ಬೇರೆ ಖಾತೆಗೆ, ಪೋಕರ್ ದುಡ್ಡು ಬೇರೆ. ಅಮ್ಮನಿಗೆ ಕಳಿಸುವುದು ತಿಂಗಳ ಒಂದನೇ ತಾರೀಕೇ ಹೋಗಿಬಿಡುತ್ತದೆ. ಇದಾದ ಮೇಲೆ ರೂಪಾಯಿ ಲೆಕ್ಕ ಬರುವುದು ನಿಜವಾಗಿಯೂ ಕಮ್ಮಿ ಆಯಿತು.

ಹದಿನೈದು ಸಾವಿರ ಹ್ಯಾಂಡ್ ಹೊತ್ತಿಗೆ ಎರಡೂ ಕಡೆಯ ತ್ರೀ-ಬೆಟ್ ಒಂದಕ್ಕೊಂದು ಹತ್ತಿರ ಬಂತು. ಆಗ ಎರಡನೇ ಟೇಬಲ್. ಮೂರು ನಾಲ್ಕು ತಿಂಗಳಲ್ಲಿ ನಾಲ್ಕೂ ಎನ್‌ಎಲ್ 100. ಆ ನಡುವೆ ಎಂಟು ಬೈ-ಇನ್‌ನ ಒಂದು ಡೌನ್‌ಸ್ವಿಂಗ್ (ಸೋಲಿನ ಸರಣಿ) ಬಂತು. ತ್ರೀ-ಬೆಟ್ ಒಂಬತ್ತರ ಕೆಳಗೆ ಇಳಿಯಲಿಲ್ಲ. ನನಗೆ 1,800 ಡಾಲರ್‌ಗಿಂತ ಇದೇ ಹೆಚ್ಚು ಹೆಮ್ಮೆ.

ಈಗ ಎಡಗಡೆ ಒಂದು ಎನ್‌ಎಲ್ 200 ಟೇಬಲ್ ಕೂತಿದೆ. ಅಲ್ಲಿ ತ್ರೀ-ಬೆಟ್ ಇನ್ನೂ ಏಳರಲ್ಲಿದೆ. ಒಂಬತ್ತು ಆಗುವ ತನಕ ಎರಡನೆಯದು ತೆರೆಯುವುದಿಲ್ಲ.