ಏರುದಾರಿಗೆ ಹೊಂದಿಸಿದ ಸೈಕಲ್ ಸೀಟು

ಶಿವಮೊಗ್ಗದಿಂದ ಗಾಜನೂರು ದಾಟಿ ತೀರ್ಥಹಳ್ಳಿಯ ಕಡೆಗೆ ಸೈಕಲ್ ತುಳಿಯುವಾಗ ನನ್ನ ಅಂಗೈಗಳು ಜೋಮು ಹಿಡಿಯುತ್ತಿದ್ದುದಕ್ಕೆ ಕಾರಣ ಹ್ಯಾಂಡಲ್‌ನಲ್ಲಿ ಇರಲಿಲ್ಲ. ಸೀಟಿನ ಮೂತಿ ತೀರಾ ಕೆಳಕ್ಕೆ ಬಾಗಿದ್ದರಿಂದ ಮೈ ಮುಂದಕ್ಕೆ ಜಾರುತ್ತಿತ್ತು, ಅದನ್ನು ತಡೆಯುವ ಭಾರವೆಲ್ಲ ಕೈಗಳ ಮೇಲೆ ಬೀಳುತ್ತಿತ್ತು. ಮೂತಿ ಮೇಲೆದ್ದಿದ್ದರೆ ತೊಂದರೆ ಬೇರೆ: ತೊಡೆಸಂದಿನ ನರಗಳ ಮೇಲೆ ಒತ್ತಡ ಬಿದ್ದು ಆ ಭಾಗ ಮರಗಟ್ಟುತ್ತದೆ.

ಸಮತಟ್ಟಾದ ನೆಲದಲ್ಲಿ ಸೈಕಲ್ ನಿಲ್ಲಿಸಿ, ಸೀಟಿನ ಉದ್ದಕ್ಕೆ ಗಟ್ಟಿ ರಟ್ಟಿನ ಪುಸ್ತಕವನ್ನಿಟ್ಟು, ಅದರ ಮೇಲೆ ಗಾರೆ ಕೆಲಸದವರ ರಸಮಟ್ಟವನ್ನು ಇರಿಸಿದೆ. ಸೀಟಿನ ಅಡಿಯ ಬೋಲ್ಟನ್ನು ಅಲೆನ್ ಕೀಯಿಂದ (ಆರು ಮೂಲೆಯ, L ಆಕಾರದ ಕೀಲಿ) ಸಡಿಲಿಸುವಾಗ ಪೂರ್ತಿ ಬಿಚ್ಚಬೇಕಿಲ್ಲ. ಸೀಟನ್ನು ಹಿಡಿದಿಡುವ ಕ್ಲಾಂಪಿನ ಹಲ್ಲುಗಳು ಒಂದನ್ನೊಂದು ಬಿಡುವಷ್ಟು ಸಾಕು. (ಹಳೆಯ ಮಾದರಿಯ ಸೈಕಲ್‌ಗಳಲ್ಲಿ ಎರಡೂ ಬದಿಯ ನಟ್ಟುಗಳಿಗೆ ಸ್ಪ್ಯಾನರ್ ಬೇಕು.) ಮೊದಲು ಸೀಟನ್ನು ಮಟ್ಟಸಕ್ಕೆ ತಂದು, ಸವಾರಿ ಮಾಡಿ ನೋಡುತ್ತ, ಸ್ವಲ್ಪಸ್ವಲ್ಪವೇ ಬದಲಿಸಿದೆ, ಜೋಮು ನಿಂತಿತು. ಏರಿನಲ್ಲಿ ಇಡೀ ಸೈಕಲ್ಲೇ ಹಿಂದಕ್ಕೆ ವಾಲಿ ಮೂತಿ ಮೇಲೇಳುವುದರಿಂದ, ಮಲೆನಾಡಿನ ದಾರಿಗೆ 1ರಿಂದ 2 ಡಿಗ್ರಿಯಷ್ಟು ಕೆಳಬಾಗು ಹಿತವೆಂಬುದು ನನ್ನ ಅಭಿಪ್ರಾಯ. ಬೋಲ್ಟನ್ನು ಬಿಗಿದ ಮೇಲೆ ಸೀಟಿನ ಎರಡೂ ತುದಿಗಳನ್ನು ಬಲವಾಗಿ ಒತ್ತಿ ನೋಡುವುದು ಅತ್ಯಗತ್ಯ. ಹಲ್ಲುಗಳು ಸರಿಯಾಗಿ ಕೂರದಿದ್ದರೆ ಚಕ್ರ ಗುಂಡಿಗೆ ಇಳಿದೊಡನೆ ಸೀಟು ವಾಲಿಬಿಡುತ್ತದೆ.